ಹೆದ್ದಾರಿ ಬಂದ ಮಾತ್ರಕ್ಕೆ ಲಾಭ ಬರುವುದಿಲ್ಲ

ಪ್ರಶ್ನೆ: ನಮ್ಮ ಕಾರ್ಖಾನೆ ಪಕ್ಕದಲ್ಲೇ ಹೆದ್ದಾರಿ ಹಾದುಹೋಗಲಿದೆ. ಉತ್ಪಾದಕತೆ ಎಷ್ಟು ಏರಬಹುದು?

ಉತ್ತರ: ಮತ್ತೆ ಇದೇ ಪ್ರಶ್ನೆ! ಜತೆಗೆ ಯಾವನೋ ಸಲಹೆಗಾರ ಬರೆದುಕೊಟ್ಟ ‘ಇಷ್ಟು ಪರ್ಸೆಂಟ್ ಗ್ಯಾರಂಟಿ’ ಎಂಬ ವರದಿ ಬೇರೆ. ಮೊದಲು ಅದನ್ನು ಹರಿದುಹಾಕಿ. 1989ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ಆಶಾವರ್ ಅಮೆರಿಕದ ಅಂಕಿಅಂಶ ಹಿಡಿದು, ಸಾರ್ವಜನಿಕ ಬಂಡವಾಳ (ಸರ್ಕಾರ ಕಟ್ಟಿಸಿದ ರಸ್ತೆ, ಸೇತುವೆಯಂಥವು) ಶೇ 1ರಷ್ಟು ಹೆಚ್ಚಿದರೆ ಉತ್ಪಾದನೆ ಸುಮಾರು ಶೇ 0.39ರಷ್ಟು ಏರುತ್ತದೆ ಎಂದರು. ರಸ್ತೆಯಿಂದ ಸಿರಿ ಬಂತೋ, ಸಿರಿ ಇದ್ದಲ್ಲಿಗೆ ರಸ್ತೆ ಬಂತೋ ಎಂದು ಉಳಿದವರು ಅದನ್ನು ಜಾಲಾಡಿದರು. 1999ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾನ್ ಫರ್ನಾಲ್ಡ್ ಇನ್ನೊಂದು ಬಗೆಯಲ್ಲಿ ನೋಡಿದರು: ಹೆದ್ದಾರಿ ನಿಜವಾಗಿ ನೆರವಾಗಿದ್ದರೆ ವಾಹನ ಹೆಚ್ಚು ಬಳಸುವ ಉದ್ಯಮಗಳಿಗೇ ಹೆಚ್ಚು ಲಾಭ ಆಗಿರಬೇಕಲ್ಲ? ಆಗಿತ್ತು. ಆದರೆ ಹೆಚ್ಚುಕಡಿಮೆ 1973ರವರೆಗೆ, ಅಮೆರಿಕದ ಅಂತರರಾಜ್ಯ ಹೆದ್ದಾರಿ ಜಾಲ ಬಹುಪಾಲು ಪೂರ್ತಿಯಾಗುವ ತನಕ ಮಾತ್ರ. ಮೊದಲ ಜಾಲ ಚಿನ್ನ. ಅದರ ಪಕ್ಕದಲ್ಲಿ ಹಾಕಿದ ಎರಡನೆಯದು ಬರೀ ಡಾಂಬರು.

ನೀವು ನೋಡಬೇಕಾದ್ದು ನಿಮ್ಮದೇ ಗೋಡೌನ್. ಲೋಡ್ ಎರಡು ದಿನಕ್ಕೂ ಬರಬಹುದು, ಎಂಟು ದಿನವೂ ಆಗಬಹುದು ಅಂದರೆ ಎಂಟು ದಿನದ ಕಚ್ಚಾಮಾಲು ಪೇರಿಸಿಡುತ್ತೀರಿ; ದುಡ್ಡು ಅಲ್ಲಿ ಧೂಳು ಹಿಡಿದು ಕೂರುತ್ತದೆ. ಮೂರನೇ ದಿನ ಬಂದೇ ಬರುತ್ತದೆ ಎಂದು ಖಾತ್ರಿಯಾದರೆ ಆ ಎಂಟರಲ್ಲಿ ಐದು ದಿನದ ಸ್ಟಾಕ್ ಬೇಕಿಲ್ಲ. ಲಾರಿಯ ವೇಗವಲ್ಲ, ಈ ಖಾತ್ರಿ ಮುಖ್ಯ. ಇನ್ನು ಕರೆಂಟೇ ದಿನಕ್ಕೆರಡು ಸಲ ಕೈಕೊಡುತ್ತಿದ್ದರೆ ಹೆದ್ದಾರಿ ತಗೊಂಡು ಏನು ಮಾಡುತ್ತೀರಿ?

ಇನ್ನೊಂದನ್ನು ಯಾರೂ ಕೇಳುವುದೇ ಇಲ್ಲ. ನಿಮ್ಮ ಮಾಲು ಹೋಗುವ ದಾರಿಯಲ್ಲೇ ದೊಡ್ಡ ನಗರದ ಅಗ್ಗದ ಮಾಲೂ ಬರುತ್ತದೆ. ಚೀನಾದ ಹೆದ್ದಾರಿಗಳ ಮೇಲೆ ಬೆಂಜಮಿನ್ ಫೇಬರ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಓದಿ: ದೊಡ್ಡ ನಗರಗಳನ್ನು ಕೂಡಿಸಲು ಹಾಕಿದ ರಸ್ತೆ ಹಾದುಹೋದ ಸಣ್ಣ ಕೌಂಟಿಗಳಲ್ಲಿ (ನಮ್ಮ ತಾಲ್ಲೂಕಿನಂಥ ಆಡಳಿತ ಪ್ರದೇಶಗಳಲ್ಲಿ) ಕೈಗಾರಿಕಾ ಬೆಳವಣಿಗೆ ಕುಂಠಿತವಾಯಿತು. ನಾನಾಗಿದ್ದರೆ ಹೆದ್ದಾರಿ ನಂಬಿ ಸಾಲ ಮಾಡುವ ಮೊದಲು, ಆ ತುದಿಯ ಪೈಪೋಟಿದಾರನ ದರ ವಿಚಾರಿಸುತ್ತಿದ್ದೆ.

ಪ್ರಶ್ನೆ: ದೊಡ್ಡ ಕೈಗಾರಿಕಾ ನಗರಕ್ಕೆ ಸ್ಥಳಾಂತರವಾದರೆ?

ಉತ್ತರ: ನಗರ ಇಮ್ಮಡಿಯಾದರೆ ಉತ್ಪಾದಕತೆ ಸುಮಾರು ಶೇ 3ರಿಂದ 8ರಷ್ಟು ಏರುತ್ತದೆ ಎಂಬುದು ಸಾಮಾನ್ಯ ಅಂದಾಜು. ನುರಿತ ಕೆಲಸಗಾರರು, ಬಿಡಿಭಾಗ ಒದಗಿಸುವವರು, ಕಸುಬಿನ ಗುಟ್ಟು ಎಲ್ಲ ಕೈಗೆಟಕುತ್ತವೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಹೇಳಿದ್ದು ಇದನ್ನೇ. ಬಾಡಿಗೆ ಎಷ್ಟು ಏರುತ್ತದೆ ಎಂದು ಕೇಳಿದ್ದೀರಾ?

ಪ್ರಶ್ನೆ: ಒಂದೇ ಕಂಪನಿ ಮಾರುಕಟ್ಟೆ ಹಿಡಿದರೂ, ಉದ್ಯಮಗಳು ಒಂದೇ ಕಡೆ ನೆರೆಯುವ ಈ ‘ಕೇಂದ್ರೀಕರಣ’ದ ಲಾಭ ಸಿಗುತ್ತದಲ್ಲವೇ?

ಉತ್ತರ: ಇಲ್ಲ. ನೂರು ಕಮ್ಮಾರರು ಒಂದೇ ಬೀದಿಯಲ್ಲಿರುವುದು ಬೇರೆ, ಒಬ್ಬನೇ ಕಮ್ಮಾರ ಬೀದಿಯನ್ನೇ ಕೊಂಡುಕೊಳ್ಳುವುದು ಬೇರೆ.

ಪ್ರಶ್ನೆ: ರಸ್ತೆ ಅಗಲ ಮಾಡಿದರೆ ಟ್ರಾಫಿಕ್ ಜಾಮ್ ತಪ್ಪುತ್ತದೆಯೇ?

ಉತ್ತರ: ಅಗಲ ಮಾಡಿದಷ್ಟೂ ವಾಹನ ತುಂಬಿಕೊಳ್ಳುತ್ತವೆ. ಡುರಾಂಟನ್, ಟರ್ನರ್ ಎಂಬ ಅರ್ಥಶಾಸ್ತ್ರಜ್ಞರಿಬ್ಬರೂ 2011ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಮತ್ತೆ ಕೇಳಬೇಡಿ.