ಮಗನಿಗೂ ಮೆಳ್ಳೆಗಣ್ಣು, ತಂದೆಗೂ ಮೆಳ್ಳೆಗಣ್ಣು: ಇಬ್ಬರಿಗೂ ಒಂದೇ ಚಿಕಿತ್ಸೆಯೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ನಾಲ್ಕೂವರೆ ವರ್ಷದ ಮಗನ ಎಡಗಣ್ಣು ಒಂದು ವರ್ಷದಿಂದ ಮೂಗಿನ ಕಡೆಗೆ ತಿರುಗುತ್ತಿದೆ. ಮುಳಬಾಗಿಲಿನ ಕನ್ನಡಕದಂಗಡಿಯೊಂದರಲ್ಲಿ ಕಂಪ್ಯೂಟರ್ ಪರೀಕ್ಷೆ ಮಾಡಿ +1 ಎಂದರು. ಆಸ್ಪತ್ರೆಯಲ್ಲಿ ಔಷಧಿ ಹಾಕಿ ನೋಡಿ +4.5 ಎಂದು ಬರೆದುಕೊಟ್ಟು, ಚೆನ್ನಾಗಿರುವ ಬಲಗಣ್ಣನ್ನು ದಿನಕ್ಕೆ 2 ಗಂಟೆ ಮುಚ್ಚಲು ಹೇಳಿದರು. ಮನೆಯ ಹಿರಿಯರು ಮೆಳ್ಳೆಗಣ್ಣು ಅದೃಷ್ಟ, ಬೆಳೆದಂತೆ ತಾನಾಗಿ ಸರಿಹೋಗುತ್ತದೆ ಎನ್ನುತ್ತಿದ್ದಾರೆ. ಇದರ ನಡುವೆ, ಸಕ್ಕರೆ ಕಾಯಿಲೆಯಿರುವ 63 ವರ್ಷದ ನಿಮ್ಮ ತಂದೆಗೂ ಎಂಟು ದಿನಗಳಿಂದ ಒಂದು ಕಣ್ಣು ಒಳಕ್ಕೆ ತಿರುಗಿದ್ದು, ಎದುರಿನದೆಲ್ಲ ಎರಡೆರಡಾಗಿ ಕಾಣುತ್ತಿದೆ. ಅವರಿಗೂ ಕನ್ನಡಕ ಸಾಕೇ ಎಂದು ಕೇಳಿದ್ದೀರಿ.

ಮೊದಲು ತಂದೆಯವರನ್ನು ನಾಳೆಯೇ ವೈದ್ಯರಿಗೆ ತೋರಿಸಿ. ಕಾರಣವನ್ನು ಮುಂದೆ ವಿವರಿಸುತ್ತೇನೆ.

ನಾನು ಕೋಲಾರ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನೇತ್ರಾಧಿಕಾರಿ. ಶಸ್ತ್ರಚಿಕಿತ್ಸೆ ಮಾಡುವವನಲ್ಲ, ದೃಷ್ಟಿ ಪರೀಕ್ಷಿಸುವುದು, ಕನ್ನಡಕ ಬರೆಯುವುದು, ಶಾಲೆಗಳಿಗೆ ಹೋಗಿ ಮಕ್ಕಳ ಕಣ್ಣು ನೋಡುವುದು, ಅಗತ್ಯವಿದ್ದವರನ್ನು ನೇತ್ರತಜ್ಞರ ಬಳಿಗೆ ಕಳುಹಿಸುವುದು ನನ್ನ ಕೆಲಸ.

ಮಗುವಿನ ವಿಷಯದಲ್ಲಿ +4.5 ಎಂಬುದನ್ನೇ ನಂಬಿ. ಪ್ಲಸ್ ದೋಷ, ಅಂದರೆ ಹತ್ತಿರದ್ದನ್ನು ನೋಡಲು ಹೆಚ್ಚು ಶ್ರಮ ಬೇಕಾಗುವ ದೃಷ್ಟಿದೋಷವಿರುವ ಮಗು ಕಣ್ಣಿನೊಳಗಿನ ಸ್ನಾಯುವನ್ನು ಬಿಗಿಹಿಡಿದು, ಆ ದೋಷದ ಬಹುಭಾಗವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಯಂತ್ರದೊಳಗಿನ ಚಿತ್ರವನ್ನು ನೋಡುವಾಗಲೂ ಅದೇ ಬಿಗಿ ಇರುವುದರಿಂದ ಯಂತ್ರಕ್ಕೆ ಸಿಗುವುದು ಮಗು ಮುಚ್ಚಿಡಲಾಗದೆ ಉಳಿದ ಅಲ್ಪ ಭಾಗ ಮಾತ್ರ. ಮೂರು ದಿನ ಅಟ್ರೋಪಿನ್ ಮುಲಾಮು ಹಚ್ಚಿಸಿಯೋ, ಆಸ್ಪತ್ರೆಯಲ್ಲೇ ಹನಿ ಹಾಕಿಯೋ ಆ ಸ್ನಾಯುವನ್ನು ಸಡಿಲಗೊಳಿಸಿದ ಮೇಲೆ, ಕತ್ತಲೆ ಕೋಣೆಯಲ್ಲಿ ರೆಟಿನೋಸ್ಕೋಪ್ ಎಂಬ ಕೈಯಲ್ಲಿ ಹಿಡಿಯುವ ಉಪಕರಣದ ಬೆಳಕಿನ ಪಟ್ಟಿಯನ್ನು ಪಾಪೆಯ ಮೇಲೆ ಅತ್ತಿತ್ತ ಆಡಿಸಿ, ಒಂದೊಂದೇ ಮಸೂರ ಹಿಡಿಯುತ್ತಾ ಹೋದಾಗ ನಿಜವಾದ ಅಂಕಿ ಸಿಗುತ್ತದೆ. ಪಾಪೆ ಹಿಗ್ಗಿರುವಾಗಲೇ ಕಣ್ಣಿನ ಹಿಂಭಾಗವನ್ನೂ ನೋಡಬೇಕು. ಅಪರೂಪಕ್ಕೆ ಮೆಳ್ಳೆಗಣ್ಣಿನ ಹಿಂದೆ ಹುಟ್ಟು ಪೊರೆ ಇರಬಹುದು, ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗೆಡ್ಡೆಯೂ ಇರಬಹುದು. ಯಾವ ಮಗುವಿನ ಪಾಪೆಯಲ್ಲಾದರೂ ಬಿಳಿ ಹೊಳಪು ಕಂಡರೆ ಒಂದು ದಿನವೂ ತಡಮಾಡಬಾರದು.

ಹತ್ತಿರದ್ದನ್ನು ನೋಡಲು ಸ್ನಾಯು ಬಿಗಿಯಾದಾಗ ಎರಡೂ ಕಣ್ಣುಗಳು ಒಳಕ್ಕೆ ಕೂಡುವುದು ಸಹಜ. ನಿಮ್ಮ ಮಗ ದೂರ ನೋಡಲೂ ಅಷ್ಟೇ ಶ್ರಮಪಡುತ್ತಿರುವುದರಿಂದ ಕಣ್ಣು ಅಗತ್ಯಕ್ಕಿಂತ ಹೆಚ್ಚು ಒಳಕ್ಕೆ ಹೋಗುತ್ತಿದೆ. ಕನ್ನಡಕ ಆ ಶ್ರಮವನ್ನು ತಾನು ಹೊರುತ್ತದೆ. ಆದ್ದರಿಂದ ಇಂತಹ ಮೆಳ್ಳೆಗಣ್ಣು ಎಷ್ಟೋ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ, ಎದ್ದಾಗಿನಿಂದ ಮಲಗುವವರೆಗೆ ಕನ್ನಡಕ ಹಾಕುವುದರಿಂದಲೇ ನೇರವಾಗುತ್ತದೆ. ಕೆಲವು ವಾರಗಳ ನಂತರ ಕನ್ನಡಕ ತೆಗೆದ ಕೂಡಲೇ ಕಣ್ಣು ಮೊದಲಿಗಿಂತ ಹೆಚ್ಚು ತಿರುಗಿದಂತೆ ಕಾಣಬಹುದು. ಕನ್ನಡಕದಿಂದಲೇ ಕಣ್ಣು ಕೆಟ್ಟಿತೆಂದು ಪೆಟ್ಟಿಗೆಯಲ್ಲಿಟ್ಟ ತಾಯಂದಿರನ್ನು ನಾನು ಬಹಳ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಪಷ್ಟವಾಗಿ ಕಾಣುವ ಸುಖವನ್ನು ಅರಿತ ಮಗು ಕನ್ನಡಕವಿಲ್ಲದಾಗಲೂ ಅದನ್ನೇ ಪಡೆಯಲು ಇನ್ನಷ್ಟು ಬಿಗಿಹಿಡಿಯುತ್ತದೆ, ಅಷ್ಟೇ.

ಇನ್ನು ಒಳ್ಳೆಯ ಕಣ್ಣನ್ನು ಮುಚ್ಚುವುದು. ಒಂದು ಕಣ್ಣು ತಿರುಗಿದಾಗ ಎರಡು ಚಿತ್ರಗಳು ಮಿದುಳಿಗೆ ಹೋಗುತ್ತವೆ. ಇನ್ನೂ ನೋಡಲು ಕಲಿಯುತ್ತಿರುವ ಮಿದುಳು ತಿರುಗಿದ ಕಣ್ಣಿನ ಚಿತ್ರವನ್ನು ಬದಿಗೊತ್ತಿಬಿಡುತ್ತದೆ. ಅದಕ್ಕೇ ನಿಮ್ಮ ಮಗ ಎರಡೆರಡು ಕಾಣುತ್ತದೆ ಎಂದು ಒಮ್ಮೆಯೂ ಹೇಳಿಲ್ಲ. ಹೀಗೆ ಬದಿಗೊತ್ತಿದ ಕಣ್ಣಿನ ದೃಷ್ಟಿ ಬೆಳೆಯದೆ ಉಳಿಯುವುದನ್ನೇ ಸೋಮಾರಿ ಕಣ್ಣು, ಆಂಬ್ಲಿಯೋಪಿಯಾ ಎನ್ನುತ್ತೇವೆ. ಬಲಗಣ್ಣನ್ನು ಮುಚ್ಚಿದರೆ ಮಿದುಳು ಎಡಗಣ್ಣನ್ನು ಬಳಸಲೇಬೇಕಾಗುತ್ತದೆ. ಏಳು ವರ್ಷದೊಳಗೆ ಇದರ ಫಲ ಹೆಚ್ಚು. ಆಮೇಲೂ ಪ್ರಯತ್ನಿಸಬಹುದಾದರೂ ಗಳಿಕೆ ಕಡಿಮೆಯಾಗುತ್ತಾ ಬರುತ್ತದೆ.

ಒಮ್ಮೆ ನೇಮಕಾತಿಯ ಪ್ರಮಾಣಪತ್ರಕ್ಕಾಗಿ 19 ವರ್ಷದ ಹುಡುಗನೊಬ್ಬ ಬಂದಿದ್ದ. ಎಡಗಣ್ಣು ಮುಚ್ಚಿ ಕೊನೆಯ ಸಾಲಿನವರೆಗೆ ಸರಸರನೆ ಓದಿದ. ಬಲಗಣ್ಣು ಮುಚ್ಚಿಸಿದಾಗ ಸುಮ್ಮನಾದ. ಅಂಗೈ ಸರಿಸಿ, ಅಕ್ಷರದ ಹಲಗೆ ಅಲ್ಲೇ ಇದೆಯೇ ಎಂದು ನೋಡಿ, ಮತ್ತೆ ಮುಚ್ಚಿಕೊಂಡ. ಕಂಡದ್ದು ಮೇಲಿನ ಒಂದೇ ದೊಡ್ಡ ಅಕ್ಷರ, 6/60: ಒಳ್ಳೆಯ ಕಣ್ಣು 60 ಮೀಟರಿನಿಂದ ಓದುವುದನ್ನು ಆ ಕಣ್ಣು 6 ಮೀಟರಿನಿಂದ ಮಾತ್ರ ಓದಬಲ್ಲದು. ಆ ಕಣ್ಣು ಮಂದವಾಗಿದೆಯೆಂಬುದು ಅವನಿಗೆ ಆ ದಿನದವರೆಗೂ ಗೊತ್ತಿರಲಿಲ್ಲ. ಮೂರನೆಯ ವರ್ಷದಲ್ಲಿ ಯಾರಾದರೂ ಅವನ ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದ್ದರೆ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಎರಡೇ ಗಂಟೆ ಸಾಕೇ ಎಂಬ ಅನುಮಾನ ಬೇಡ. ಏಳು ವರ್ಷದೊಳಗಿನ ಮಕ್ಕಳಲ್ಲಿ, ಮಧ್ಯಮ ಪ್ರಮಾಣದ ಸೋಮಾರಿ ಕಣ್ಣಿಗೆ ದಿನಕ್ಕೆ 2 ಗಂಟೆ ಮುಚ್ಚಿದರೂ 6 ಗಂಟೆ ಮುಚ್ಚಿದಷ್ಟೇ ಸುಧಾರಣೆಯಾಯಿತೆಂದು ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಕಣ್ಣು ಮುಚ್ಚುವ ಪಟ್ಟಿಯನ್ನು ಕನ್ನಡಕದ ಗಾಜಿಗಲ್ಲ, ಚರ್ಮಕ್ಕೇ ಅಂಟಿಸಿ, ಅದರ ಮೇಲೆ ಕನ್ನಡಕ ಹಾಕಿ. ಇಲ್ಲವಾದರೆ ಮಗು ಸಂದಿಯಿಂದ ಇಣುಕುತ್ತದೆ. ಆ ಹೊತ್ತಿನಲ್ಲಿ ಹತ್ತಿರದ ಕೆಲಸ ಕೊಡಿ. ನಮ್ಮ ಕಡೆ ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳನ್ನು ಹಿಸುಕಿ ಬೇಳೆ ತೆಗೆಯುತ್ತೇವಲ್ಲ, ಅಜ್ಜಿಯ ಪಕ್ಕದಲ್ಲಿ ಕುಳಿತು ಅದನ್ನೇ ಮಾಡಲಿ. ಮೊದಲ ವಾರ ಅಳುತ್ತಾನೆ, ಏಕೆಂದರೆ ಅವನಿಗೆ ನಿಜವಾಗಿಯೂ ಸರಿಯಾಗಿ ಕಾಣುವುದಿಲ್ಲ, ಗದರಿಸಬೇಡಿ. ಹೇಳಿದ ದಿನಕ್ಕೆ ತಪ್ಪದೆ ಮರುಪರೀಕ್ಷೆಗೆ ಹೋಗಿ, ಮುಚ್ಚಿದ ಕಣ್ಣಿನ ದೃಷ್ಟಿ ಕುಗ್ಗದಂತೆಯೂ ನೋಡಿಕೊಳ್ಳಬೇಕಾಗುತ್ತದೆ.

ತಂದೆಯವರದು ಇದಕ್ಕೆ ತದ್ವಿರುದ್ಧ. ಅರವತ್ತು ವರ್ಷ ಎರಡೂ ಕಣ್ಣುಗಳಿಂದ ನೋಡಿದ ಮಿದುಳಿಗೆ ಒಂದನ್ನು ಬದಿಗೊತ್ತುವುದು ಬಾರದು, ಅದಕ್ಕೇ ಎರಡೆರಡು ಕಾಣುತ್ತದೆ. ಒಂದು ಕಣ್ಣು ಮುಚ್ಚಿಸಿ ಕೇಳಿ: ಆಗ ಒಂದೇ ಕಂಡರೆ ತೊಂದರೆಯಿರುವುದು ಎರಡು ಕಣ್ಣುಗಳ ಹೊಂದಾಣಿಕೆಯಲ್ಲಿ, ಆಗಲೂ ಎರಡು ಕಂಡರೆ ಪೊರೆಯಂತಹ ಬೇರೆ ಕಾರಣವಿರಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಲ್ಲಿ ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೆಯ ನರಕ್ಕೆ ರಕ್ತಸಂಚಾರ ಕುಗ್ಗಿ ಹೀಗಾಗುವುದು ಸಾಮಾನ್ಯ, ಮತ್ತು ಹೆಚ್ಚಿನವರಲ್ಲಿ ಮೂರರಿಂದ ಆರು ತಿಂಗಳಲ್ಲಿ ಅದು ಚೇತರಿಸಿಕೊಳ್ಳುತ್ತದೆ. ಆದರೆ ಹಾಗೆಂದು ತೀರ್ಮಾನಿಸುವುದು ಪರೀಕ್ಷೆಯ ನಂತರವೇ ಹೊರತು ಮನೆಯಲ್ಲಲ್ಲ. ರೆಪ್ಪೆ ಜೋತುಬಿದ್ದರೆ, ಒಂದು ಪಾಪೆ ದೊಡ್ಡದಾಗಿದ್ದರೆ, ತೀವ್ರ ತಲೆನೋವು, ಮಾತಿನ ತೊದಲು ಅಥವಾ ಕೈಕಾಲಿನ ಬಲಹೀನತೆ ಇದ್ದರೆ ಬೆಳಗಾಗುವುದನ್ನೂ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ಅಲ್ಲಿಯವರೆಗೆ ಯಾವುದಾದರೊಂದು ಕಣ್ಣನ್ನು ಮುಚ್ಚಿಕೊಂಡು ಓಡಾಡಲಿ, ಸ್ಕೂಟರ್ ಮುಟ್ಟದಿರಲಿ. ಅವರ ವಯಸ್ಸಿನಲ್ಲಿ ಮುಚ್ಚಿದ್ದರಿಂದ ಕಣ್ಣು ಸೋಮಾರಿಯಾಗುವುದಿಲ್ಲ. ಸಕ್ಕರೆಯಿಂದ ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ ಹಾನಿಯಾಗಿದೆಯೇ ಎಂಬುದನ್ನೂ ಅದೇ ಭೇಟಿಯಲ್ಲಿ ಕೇಳಿ ನೋಡಿಸಿಕೊಳ್ಳಿ.

ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ನಿಮಗೆ ಹತ್ತಿರ. ಹೆಚ್ಚಿನ ಪರೀಕ್ಷೆ ಬೇಕೆಂದರೆ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಹೋಗಬಹುದು. ಎರಡು ವರ್ಷದ ಮಗಳೂ ಇದ್ದಾಳೆಂದು ಬರೆದಿದ್ದೀರಿ. ಮೆಳ್ಳೆಗಣ್ಣು ಮತ್ತು ಪ್ಲಸ್ ದೋಷ ಒಡಹುಟ್ಟಿದವರಲ್ಲಿ ಕಾಣಿಸಿಕೊಳ್ಳುವುದುಂಟು, ಆದ್ದರಿಂದ ಅಣ್ಣನ ಮರುಪರೀಕ್ಷೆಯ ದಿನ ಅವಳನ್ನೂ ಕರೆದುಕೊಂಡು ಹೋಗಿ. ರೆಟಿನೋಸ್ಕೋಪಿನ ಪರೀಕ್ಷೆಗೆ ಅಕ್ಷರ ಬರಬೇಕಾಗಿಲ್ಲ. ನಿಮ್ಮ ತೊಡೆಯ ಮೇಲೆ ಕುಳಿತು ಬೆಳಕನ್ನು ನೋಡಿದರೆ ಸಾಕು.