ಅಪ್ಪನಿಗೆ ಲ್ಯಾಪ್ ಟೈಮಿಂಗ್ ಗೊತ್ತಿತ್ತು

ನಾನು ಹಾಸನದಲ್ಲಿ ಆಪ್ತಸಲಹೆಗಾರ್ತಿ, ನನ್ನ ಹತ್ತಿರ ಓಟಗಾರ್ತಿಯರು ಬರುವುದು ಕಮ್ಮಿ. ಬಂದರೆ ಮನೆಯವರ ಮಾತು ಹೆಚ್ಚುಕಮ್ಮಿ ಒಂದೇ: "ಮೊದ್ಲಿನ ಹಾಗೆ ಓಡ್ತಿಲ್ಲ, ಮನಸ್ಸು ಎಲ್ಲೋ ಇದೆ, ಸ್ವಲ್ಪ ಬುದ್ಧಿ ಹೇಳಿ ಮೇಡಂ." ಇದನ್ನು ಕೇಳಿ ಕೇಳಿ ಸಾಕಾಗಿ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹುಡುಗಿಗೆ ಹತ್ತೊಂಬತ್ತು, ಅರಸೀಕೆರೆ ಕಡೆಯವಳು, 800 ಮೀಟರ್ ಓಟ. ಬೇರೆ ಊರಲ್ಲಿ ಹಾಸ್ಟೆಲ್. ಟೈಮಿಂಗ್ ಕೆಟ್ಟಿತ್ತು, ಮೊಣಕಾಲಿನ ಕೆಳಗೆ ಮೂಳೆ ನೋವು, ನಿದ್ದೆ ಇಲ್ಲ, ಸಣ್ಣದಕ್ಕೂ ಅಳು. ಅಪ್ಪನ ಮೊಬೈಲಿನಲ್ಲಿ ಬ್ರಿಟನ್ನಿನ ಓಟಗಾರ್ತಿ ಕೆಲ್ಲಿ ಹೋಮ್ಸ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಗೆದ್ದ ಓಟ. "ಇವಳೂ ಹೀಗೇ ಕೊನೇ ನೂರು ಮೀಟರ್‌ನಲ್ಲಿ ಬರ್ತಿದ್ಲು ಮೇಡಂ" ಅಂತ ಬಂದ ಕೂಡಲೇ ತೋರಿಸಿದರು.

ಮೊದಲು ಹುಡುಗಿಯ ಜೊತೆ ಒಬ್ಬಳೇ ಇದ್ದಾಗ ಮಾತಾಡಿದೆ. ಊಟದ ಬಗ್ಗೆ ಕೇಳಿದೆ. ರಾತ್ರಿ ಅನ್ನ ಮುದ್ದೆ ಎರಡೂ ಬಿಟ್ಟಿದ್ದಳು, ವಾರಕ್ಕೊಮ್ಮೆ ತೂಕ ನೋಡಿ ಎಲ್ಲರೆದುರು ಓದುತ್ತಾರಂತೆ. ಮುಟ್ಟು ಸರಿಯಾಗಿ ಆಗ್ತಿದೆಯಾ ಅಂದೆ. "ನಿಂತು ಏಳು ತಿಂಗಳಾಯ್ತು. ಒಳ್ಳೇದೇ ಅಲ್ವಾ ಮೇಡಂ, ಮೀಟ್ ದಿನ ತಲೆಬಿಸಿ ಇರಲ್ಲ. ಚೆನ್ನಾಗಿ ಪ್ರಾಕ್ಟೀಸ್ ಮಾಡೋರಿಗೆ ಹಾಗಾಗುತ್ತೆ ಅಂತ ಸೀನಿಯರ್ಸೂ ಹೇಳ್ತಾರೆ." ಅವಳ ಮುಖದಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. ನನಗೆ ಹೆಚ್ಚು ಕಸಿವಿಸಿ ಮಾಡಿದ್ದು ಅದೇ.

ಅವಳ ಒಪ್ಪಿಗೆ ತಗೊಂಡು ಅಪ್ಪ ಅಮ್ಮನನ್ನು ಒಳಗೆ ಕರೆದೆ. ವಿಷಯ ಎತ್ತಿದ್ದೇ ತಡ, ಅಪ್ಪ ಎದ್ದು ನಿಂತರು. "ಹೆಂಗಸರು ಮಾತಾಡ್ಕೊಳ್ಳಿ, ನಾನು ಹೊರಗಿರ್ತೀನಿ." ನಾನು ಬಿಡಲಿಲ್ಲ. "ಕೂತ್ಕೊಳ್ಳಿ ಯಜಮಾನ್ರೇ. ಅವಳು ಮೊದಲನೇ ಲ್ಯಾಪ್ ಎಷ್ಟು ಸೆಕೆಂಡಿಗೆ ಓಡ್ತಾಳೆ ಅಂತ ನಿದ್ದೇಲಿ ಕೇಳಿದರೂ ಹೇಳ್ತೀರಿ. ಇದನ್ನೂ ತಿಳ್ಕೊಳ್ಳಿ." ಕೂತರು, ಆದರೆ ಕಣ್ಣು ನೆಲದ ಮೇಲೆ. ಅಮ್ಮ ಮಗಳನ್ನು ನೋಡಿ, "ನಂಗ್ಯಾಕೆ ಹೇಳಲಿಲ್ಲ?" ಅಂದರು. ಹುಡುಗಿ, "ಹೇಳಿದ್ರೆ ವಾಪಸ್ ಕರ್ಕೊಂಡ್ ಬರ್ತಿದ್ರಿ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಾನು ಡಾಕ್ಟರ್ ಅಲ್ಲ. ಆದರೂ ಇಷ್ಟು ವಿವರಿಸಿದೆ: ಓಡುವಷ್ಟು ತಿನ್ನದಿದ್ದರೆ, ದುಡ್ಡು ಸಾಲದ ಮನೆಯವರು ಹಬ್ಬ ಕೈಬಿಟ್ಟು ರಿಪೇರಿ ಮುಂದಕ್ಕೆ ಹಾಕುವ ಹಾಗೆ, ದೇಹವೂ ಮುಟ್ಟು ನಿಲ್ಲಿಸುತ್ತದೆ, ಮೂಳೆ ಗಟ್ಟಿ ಮಾಡುವ ಕೆಲಸ ತಳ್ಳುತ್ತದೆ. ಮೂಳೆ ಕಾಯುವ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಇಳಿಯುತ್ತದೆ, ಮೂಳೆಯಲ್ಲಿ ಸಣ್ಣ ಬಿರುಕು ಬೀಳುವ ಅಪಾಯ ಹೆಚ್ಚು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದಕ್ಕೆ 2014ರಲ್ಲಿ ರೆಡ್-ಎಸ್ ಅಂತ, ಅಂದರೆ ಆಟೋಟದಲ್ಲಿ ದೇಹಕ್ಕೆ ಬೇಕಾದಷ್ಟು ಶಕ್ತಿ ಸಿಗದಿರುವುದು ಅಂತ ಹೆಸರಿಟ್ಟರು. ಹುಡುಗರಿಗೂ ಆಗುತ್ತದೆ, ಆದರೆ ಅವರಲ್ಲಿ ಮುಟ್ಟಿನಂಥ ಸೂಚನೆ ಇರುವುದಿಲ್ಲ.

ನನ್ನ ಸಲಹೆ ಹೀಗಿತ್ತು. ಸ್ತ್ರೀರೋಗ ತಜ್ಞರಿಗೂ ಮೂಳೆ ಡಾಕ್ಟರಿಗೂ ತೋರಿಸಿ. ಅವರು ಹೇಳುವ ತನಕ ಟ್ರ್ಯಾಕ್ ಬೇಡ. ಊಟ ಯಾವ ಹೊತ್ತೂ ಬಿಡಬಾರದು, ಪ್ರಾಕ್ಟೀಸ್ ಮುಗಿದ ಕೂಡಲೇ ಏನಾದರೂ ತಿನ್ನಬೇಕು. ಓದು ಮುಂದುವರಿಸಬೇಕು. ಅಪ್ಪ ಕೆಲವು ತಿಂಗಳು ಸ್ಟಾಪ್‌ವಾಚ್ ಮುಟ್ಟಬಾರದು. ಈ ಕೊನೆಯದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

"ಒಂದು ವರ್ಷ ಹೋದ್ರೆ ಕೆರಿಯರ್ರೇ ಹೋಯ್ತಲ್ಲ ಮೇಡಂ" ಅಂದರು. ಆಗ ಅವರದೇ ವಿಡಿಯೋ ಹಿಡಿದುಕೊಂಡೆ. ಹೋಮ್ಸ್ ಚಿಕ್ಕ ವಯಸ್ಸಲ್ಲಿ ಓಟ ಬಿಟ್ಟು ಬ್ರಿಟಿಷ್ ಸೈನ್ಯ ಸೇರಿ ಲಾರಿ ಓಡಿಸಿದವರು. ವರ್ಷಗಳ ಮೇಲೆ ಮತ್ತೆ ಓಟಕ್ಕೆ ಬಂದರು. 1997ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗಾಯವಾಗಿ ಹಿಂದೆ ಬಿದ್ದರು. 2003ರಲ್ಲಿ ಗಾಯಗಳ ನಡುವೆ ಖಿನ್ನತೆಗೆ ಜಾರಿ ತನಗೇ ನೋವು ಮಾಡಿಕೊಂಡೆ ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಅಥೆನ್ಸ್‌ನಲ್ಲಿ 800 ಮೀಟರನ್ನು 1:56.38ರಲ್ಲಿ ಗೆದ್ದು, ಐದು ದಿನಕ್ಕೆ 1500 ಮೀಟರೂ ಗೆದ್ದಾಗ ಅವರ ವಯಸ್ಸು 34. ನಿಮ್ಮ ಮಗಳಿಗೆ ಹತ್ತೊಂಬತ್ತು, ಅಂದೆ. ನಡುವೆ ಇಷ್ಟೆಲ್ಲ ಆಗಿತ್ತು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಎಲ್ಲರೂ 34ಕ್ಕೆ ಪದಕ ಗೆಲ್ಲುತ್ತಾರೆ ಅಂತ ನಾನು ಹೇಳಲಿಲ್ಲ, ಅಂಥ ಆಸೆ ತೋರಿಸುವುದೂ ತಪ್ಪು.

ಕೋಚ್ ಫೋನ್ ಮಾಡಿ ಕೂಗಾಡಿದರು. ಇಂಡಿಯಾಕ್ಕೆ ಓಡಬೇಕಾದ ಹುಡುಗಿಯನ್ನು ಹಾಳು ಮಾಡಿದಿರಿ ಅಂದರು. ಇರಲಿ. ನಾನು ಓಟ ಬಿಡು ಅನ್ನಲಿಲ್ಲ, ಡಾಕ್ಟರ್ ಹತ್ತಿರ ಹೋಗು ಅಂದೆ. ಸ್ಕ್ಯಾನ್‌ನಲ್ಲಿ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಬಿರುಕು ಕಂಡಿತು. ಕಾಣದೇ ಇದ್ದಿದ್ದರೂ ಇದೇ ಸಲಹೆ ಕೊಡುತ್ತಿದ್ದೆ. ಸೆಲೆಕ್ಷನ್ ತಪ್ಪಿತು ಅಂತ ಹುಡುಗಿಗೂ ನನ್ನ ಮೇಲೆ ಕೋಪ ಇದೆ. ಆದರೂ ಬರುತ್ತಾಳೆ. ಊಟದ ಮೇಲಿನ ಭಯ ಇನ್ನೂ ಪೂರ್ತಿ ಹೋಗಿಲ್ಲ.

ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟವರು ಫೋನಿನಲ್ಲಿ ಟೈಮಿಂಗ್ ಕೇಳುವ ಮೊದಲು ಊಟ, ನಿದ್ದೆ, ಮುಟ್ಟು ಕೇಳಿ. ಮೂರು ತಿಂಗಳು ಮುಟ್ಟಾಗದಿದ್ದರೆ ಮೀಟ್ ಮುಗಿಯಲಿ ಅಂತ ಕಾಯದೆ ಡಾಕ್ಟರಿಗೆ ತೋರಿಸಿ. ಅಪ್ಪಂದಿರೂ ಕೇಳಬಹುದು, ಸುಮ್ನೆ ಅಮ್ಮನ ಮೇಲೆ ಹಾಕಬೇಡಿ.