ದೂರಿನ ಪತ್ರದಲ್ಲಿ ಒಂದೂವರೆ ಪುಟ

ಹೆಂಗಸು ಮೇಲಧಿಕಾರಿಯಿಂದ ಕಿರುಕುಳವಾಗುತ್ತಿದೆ ಎಂದು ಆಪ್ತಸಲಹೆಗೆ ಬರುವ ಗಂಡಸರು ಕಡಿಮೆ. ಬಂದವರು ಮಾತ್ರ ತಮ್ಮ ಕಥೆಗಿಂತ ಮೊದಲು ಒಂದು ಸಿನಿಮಾದ ಹೆಸರು ಹೇಳುತ್ತಾರೆ. ವಯಸ್ಸಾದವರಾದರೆ 1994ರ ಹಾಲಿವುಡ್ ಚಿತ್ರ ‘ಡಿಸ್‌ಕ್ಲೋಷರ್’. ಉಳಿದವರಿಗೆ 2004ರ ಹಿಂದಿ ‘ಐತ್ರಾಜ್’, ಇಲ್ಲವೇ ಅದನ್ನೇ ಉಪೇಂದ್ರ ಕನ್ನಡದಲ್ಲಿ ಮಾಡಿದ ‘ಶ್ರೀಮತಿ’. ಹಳೆಯ ಪ್ರೇಯಸಿ ಬಾಸ್ ಆಗಿ ಬರುತ್ತಾಳೆ, ಒಂದು ಸಂಜೆ ಕರೆಸಿಕೊಂಡು ಮೈಮೇಲೆ ಬೀಳುತ್ತಾಳೆ, ಅವನು ಬಿಡಿಸಿಕೊಂಡು ಹೊರಟರೆ ತಿರುಗಿ ಅವನ ಮೇಲೆಯೇ ಆಪಾದನೆ ಹೊರಿಸುತ್ತಾಳೆ. ಕೊನೆಗೆ, ಯಾರಿಗೂ ಗೊತ್ತಿಲ್ಲದೆ ಫೋನಿನ ಮೂಲಕ ದಾಖಲಾಗಿದ್ದ ಆ ಸಂಜೆಯ ಮಾತು ಅವನನ್ನು ಕಾಪಾಡುತ್ತದೆ.

ಈ ಸಿನಿಮಾಗಳ ಬಗ್ಗೆ ನನಗೆ ಪೂರ್ತಿ ತಕರಾರಿಲ್ಲ. ಗಂಡಸಿಗೂ ಹೀಗಾಗುತ್ತದೆ ಎಂದು ಬಾಯಿಬಿಟ್ಟು ಹೇಳಲು ಅವು ಎಷ್ಟೋ ಜನಕ್ಕೆ ಒಂದು ನೆಪ ಕೊಟ್ಟಿವೆ. ಆದರೆ ಜೊತೆಗೇ ಎರಡು ಕೆಟ್ಟ ನಂಬಿಕೆಗಳನ್ನೂ ತಲೆಗೆ ತುಂಬಿವೆ. ರೆಕಾರ್ಡಿಂಗ್ ಇಲ್ಲದಿದ್ದರೆ ಸತ್ಯ ನಿಲ್ಲುವುದಿಲ್ಲ ಎನ್ನುವುದು ಒಂದು. ಇಂಥದ್ದನ್ನು ಮಾಡುವ ಹೆಂಗಸು ಮೊದಲಿನಿಂದಲೂ ‘ಅಂಥವಳೇ’ ಆಗಿರಬೇಕು, ಅವಳ ಬಟ್ಟೆ, ಸಂಸಾರ, ಮೇಲೆ ಬಂದ ದಾರಿ ಎಲ್ಲವೂ ಅದಕ್ಕೆ ಸಾಕ್ಷಿ ಎನ್ನುವುದು ಇನ್ನೊಂದು. ನಾನಿಲ್ಲಿ ಹೇಳುತ್ತಿರುವ ಪ್ರಕರಣದಲ್ಲಿ ಈ ಎರಡೂ ಇದ್ದವು.

ಅವರನ್ನು ರಘು ಎಂದು ಕರೆಯುತ್ತೇನೆ. ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. 35ರ ಆಸುಪಾಸಿನವರು, ಹೊರವರ್ತುಲ ರಸ್ತೆಯ ಕಡೆ ಒಂದು ಐಟಿ ಕಂಪನಿಯಲ್ಲಿ ಟೀಮ್ ಲೀಡ್. ಹೆಂಡತಿ, ಒಂದು ಮಗು, ಫ್ಲ್ಯಾಟಿನ ಇಎಂಐ. ಮೇಲಿನ ಮ್ಯಾನೇಜರ್ ವಯಸ್ಸಿನಲ್ಲೂ ಹುದ್ದೆಯಲ್ಲೂ ಹಿರಿಯರು. ರಾತ್ರಿ ಹನ್ನೊಂದಕ್ಕೆ ಮೆಸೇಜ್, ಕಾರಿನಲ್ಲಿ ಬಿಡುತ್ತೇನೆಂಬ ಒತ್ತಾಯ, ಆಮೇಲೆ ಅಪ್ರೈಸಲ್ ಹೊತ್ತಿಗೆ ಮೀಟಿಂಗ್ ರೂಮಿನಲ್ಲಿ ಒಂದು ಸಂಜೆ. ರಘು ಒಪ್ಪಲಿಲ್ಲ. ಪ್ರತಿವರ್ಷ ಚೆನ್ನಾಗಿ ಬರುತ್ತಿದ್ದ ರೇಟಿಂಗ್ ಕುಸಿಯಿತು, ಅವರನ್ನು ಪಿಐಪಿಗೆ ಹಾಕಿದರು. ಐಟಿಯವರಿಗೆ ಅದರ ಅರ್ಥ ಗೊತ್ತು: ಮೂರು ತಿಂಗಳಲ್ಲಿ ‘ಸುಧಾರಿಸು’, ಇಲ್ಲದಿದ್ದರೆ ಮನೆಗೆ ನಡೆ.

ಗೆಳೆಯರಿಗೆ ಹೇಳಿಕೊಂಡಾಗ ಒಬ್ಬ, “ನಿನ್ನ ಲಕ್ ನೋಡು ಗುರೂ, ನಮ್ಮನ್ನ ಯಾರೂ ಕರಿಯಲ್ಲ” ಅಂದನಂತೆ. ಅದಾದ ಮೇಲೆ ಅವರು ಯಾರಿಗೂ ಹೇಳಲಿಲ್ಲ. ನಿದ್ದೆ ಹೋಯಿತು. ನನ್ನಲ್ಲಿಗೆ ಬಂದಿದ್ದು ನಿದ್ದೆಯ ತೊಂದರೆ ಎಂದು ಹೇಳಿಕೊಂಡೇ.

ಮೊದಲ ಭೇಟಿಯಲ್ಲೇ ಅವರ ಹತ್ತಿರ ಒಂದು ಯೋಜನೆ ಸಿದ್ಧವಿತ್ತು. ಮತ್ತೆ ಆಕೆಯ ಜೊತೆ ಒಬ್ಬರೇ ಕೂರುವ ಸಂದರ್ಭ ಮಾಡಿಕೊಳ್ಳುವುದು, ಜೇಬಿನಲ್ಲಿ ಫೋನ್ ರೆಕಾರ್ಡಿಂಗಿಗೆ ಹಾಕಿಟ್ಟು ಹೋಗುವುದು, ಆಕೆಯ ಬಾಯಿಂದಲೇ ಬರುವಂತೆ ಮಾಡುವುದು. “ಸಿನಿಮಾದಲ್ಲಿ ಅವನ ಹತ್ರ ಟೇಪ್ ಇತ್ತು ಮೇಡಂ. ನನ್ನ ಹತ್ರ ಏನಿದೆ?”

ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ. ಆಪ್ತಸಲಹೆಗಾರರು ಹೀಗೆ ನೇರವಾಗಿ ಬೇಡ ಅನ್ನಬಾರದು, ಬಂದವರೇ ನಿರ್ಧಾರಕ್ಕೆ ಬರಲಿ ಎನ್ನುವವರಿದ್ದಾರೆ. ಒಬ್ಬ ಮನುಷ್ಯ ತಾನು ನಲುಗಿದ ಕೋಣೆಗೆ ತಾನಾಗಿಯೇ ಮತ್ತೆ ಹೋಗಲು ಹೊರಟಾಗ ನಾನು ತಟಸ್ಥಳಾಗಿ ಕೂರಲಾರೆ. ಅಲ್ಲಿ ಹೋಗಿ ಆಕೆಯನ್ನು ಮಾತಿಗೆಳೆಯಬೇಕೆಂದರೆ ಇವರು ಸಲಿಗೆ ತೋರಿಸಬೇಕು. ಆಮೇಲೆ ಅದೇ ರೆಕಾರ್ಡಿಂಗ್ ಇವರ ವಿರುದ್ಧ ಮಾತಾಡುತ್ತದೆ. ಅದಕ್ಕಿಂತ ದೊಡ್ಡ ಮಾತು, ಆಫೀಸಿನ ವಿಚಾರಣೆ ಸಿನಿಮಾದ ಕೋರ್ಟ್ ಅಲ್ಲ. ಕಂಪನಿಗಳಲ್ಲಿ ಕಿರುಕುಳದ ದೂರು ವಿಚಾರಿಸುವ ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂತಿದ್ದೇನೆ. ಮುಚ್ಚಿದ ಬಾಗಿಲ ಹಿಂದೆ ನಡೆದದ್ದಕ್ಕೆ ಸಾಮಾನ್ಯವಾಗಿ ನೋಡಿದ ಸಾಕ್ಷಿ ಇರುವುದಿಲ್ಲ ಎಂಬುದು ಅಲ್ಲಿ ಕೂರುವವರಿಗೆ ಗೊತ್ತಿರುತ್ತದೆ. ಯಾರ ಮಾತು ಒಂದಕ್ಕೊಂದು ಹೊಂದುತ್ತದೆ, ಮೆಸೇಜುಗಳು ಎಷ್ಟು ಹೊತ್ತಿಗೆ ಬಂದಿವೆ, ಆ ಸಂಜೆಯ ಮುಂಚೆ ರೇಟಿಂಗ್ ಎಷ್ಟಿತ್ತು, ನಂತರ ಎಷ್ಟಾಯಿತು, ಅದಕ್ಕೆ ಕೊಟ್ಟ ಕಾರಣಕ್ಕೆ ಹುರುಳಿದೆಯೇ, ಯಾರ ಹತ್ತಿರವಾದರೂ ಆಗಲೇ ಹೇಳಿಕೊಂಡಿದ್ದರೇ ಎಂದೆಲ್ಲ ನೋಡಿ, ಯಾವುದು ಹೆಚ್ಚು ಸಂಭವನೀಯ ಎಂದು ತೂಗುತ್ತೇವೆ.

ಆದ್ದರಿಂದ ಅವರಿಗೆ ಕೊಟ್ಟ ಕೆಲಸ ಇಷ್ಟು. ನೆನಪಿರುವುದನ್ನೆಲ್ಲ ದಿನಾಂಕದ ಸಮೇತ ಇವತ್ತೇ ಬರೆದಿಡಿ. ನಿಮ್ಮ ಸ್ವಂತ ಫೋನಿಗೆ ಬಂದ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಆಫೀಸಿನ ಮೇಲ್‌ಗಳನ್ನು ಮಾತ್ರ ನಿಮ್ಮ ಜಿಮೇಲಿಗೆ ಕಳಿಸಿಕೊಳ್ಳಬೇಡಿ. ಕಂಪನಿಯ ಮಾಹಿತಿ ಹೊರಗೆ ಸಾಗಿಸಿದರು ಎಂದು ಅದೊಂದನ್ನೇ ಹಿಡಿದು ಕೆಲಸದಿಂದ ತೆಗೆದುಹಾಕಬಹುದು. ಮೇಲ್‌ನ ದಿನಾಂಕ, ವಿಷಯ ಬರೆದಿಟ್ಟುಕೊಂಡರೆ ಸಾಕು, ವಿಚಾರಣೆ ಮಾಡುವವರು ತರಿಸಿಕೊಳ್ಳುತ್ತಾರೆ. ಹೆಂಗಸರಿಗೂ ನಾನು ಹೇಳುವುದು ಇದನ್ನೇ.

ಮುಂದಿನ ಭೇಟಿಗೆ ರಘು ದೂರಿನ ಪತ್ರವನ್ನೇ ಟೈಪ್ ಮಾಡಿಸಿಕೊಂಡು ಬಂದರು. ಮೂರು ಪುಟ. ನಾನು ಈ ಪ್ರಕರಣ ಬರೆಯುತ್ತಿರುವುದೇ ಆ ಪತ್ರಕ್ಕಾಗಿ.

ಮೊದಲ ಪುಟದಲ್ಲಿ ಇವರ ಸರ್ವೀಸು, ಬಂದ ಪ್ರಶಸ್ತಿಗಳು. ಆಮೇಲೆ ಒಂದೂವರೆ ಪುಟ ಆಕೆಯ ಬಗ್ಗೆ. ಗಂಡನನ್ನು ಬಿಟ್ಟವರು, ಪಾರ್ಟಿಗಳಲ್ಲಿ ಕುಡಿಯುತ್ತಾರೆ, ಇಂತಿಂಥ ಬಟ್ಟೆ ಹಾಕುತ್ತಾರೆ, ಹಿಂದಿನ ಕಂಪನಿಯಲ್ಲಿ ಪ್ರಮೋಷನ್ ‘ಹೇಗೆ’ ಬಂತೆಂದು ಎಲ್ಲರಿಗೂ ಗೊತ್ತು. ಆ ಸಂಜೆಯ ಬಗ್ಗೆ ಕೊನೆಯಲ್ಲಿ ಒಂದೇ ಒಂದು ವಾಕ್ಯ: “ಸದರಿಯವರು ನನ್ನೊಂದಿಗೆ ಅಸಭ್ಯವಾಗಿ ವರ್ತಿಸಿರುತ್ತಾರೆ.”

ಕೆಂಪು ಪೆನ್ನು ಅವರ ಕೈಗೇ ಕೊಟ್ಟೆ. “ಒಂದೊಂದೇ ಸಾಲು ಓದಿ. ಅದು ನಿಮಗೆ ಆಗಿದ್ದಾದರೆ ಬಿಡಿ. ಆಕೆಯ ಬಗ್ಗೆ ನೀವು ಕೇಳಿದ್ದಾದರೆ ಹೊಡೆದುಹಾಕಿ.”

ನಾಲ್ಕೈದು ಸಾಲು ಹೊಡೆದವರು ಪೆನ್ನು ಕೆಳಗಿಟ್ಟರು. “ನೀವೂ ಹೆಂಗಸು ಅಲ್ವಾ ಮೇಡಂ. ಅದಕ್ಕೇ ಅವರ ಪರ.”

ಈ ಮಾತು ನನಗೆ ಹೊಸದಲ್ಲ, ಆದರೂ ಪ್ರತಿಸಲ ಚುಚ್ಚುತ್ತದೆ. ಆಗ ನಾನು ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ, ಯಾಕೆಂದರೆ ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

“ರಘು, ಆಕೆ ವಿಚ್ಛೇದನ ಪಡೆದವರು ಎನ್ನುವುದಕ್ಕೂ ನಿಮ್ಮ ತೊಡೆಯ ಮೇಲೆ ಕೈಯಿಟ್ಟಿದ್ದಕ್ಕೂ ಸಂಬಂಧ ಏನು? ಗಂಡ, ಇಬ್ಬರು ಮಕ್ಕಳು, ದಿನಾ ಪೂಜೆ ಎಲ್ಲ ಇದ್ದು ಹೀಗೆ ಮಾಡಿದ್ದರೆ ನಿಮಗೆ ಆದದ್ದು ಕಡಿಮೆ ಆಗ್ತಿತ್ತಾ? ಆಕೆ ಹೆಂಗಸಾದ್ದರಿಂದ ಇದು ನಡೆಯಲಿಲ್ಲ, ನಿಮ್ಮ ರೇಟಿಂಗ್ ಆಕೆಯ ಕೈಲಿತ್ತು, ಅದಕ್ಕೇ ನಡೆಯಿತು. ನೀವು ಆಕೆಯ ನಡತೆ ಎತ್ತಿದರೆ, ನಾಳೆ ಅವರ ಕಡೆಯವರು ನಿಮ್ಮ ನಡತೆ ಎತ್ತುತ್ತಾರೆ. ದೂರು ಕೊಟ್ಟ ಹುಡುಗಿಯರಿಗೆ ಇಷ್ಟು ವರ್ಷ ಮಾಡಿಕೊಂಡು ಬಂದಿದ್ದೂ ಅದನ್ನೇ. ಈ ಒಂದೂವರೆ ಪುಟ ಆಕೆಗೆ ಏನೂ ಮಾಡಲ್ಲ. ನಿಮಗಾದದ್ದನ್ನ ಮುಚ್ಚಿಹಾಕುತ್ತೆ, ಅಷ್ಟೇ. ನೀವೇ ನೋಡಿ, ನಿಮಗೆ ಆಗಿದ್ದರ ಬಗ್ಗೆ ಒಂದೇ ವಾಕ್ಯ ಇದೆ. ಅಷ್ಟೊಂದು ಬರೆಯೋಕೆ ಬಂದವರಿಗೆ ಇದನ್ನ ಬರೆಯೋಕೆ ಯಾಕೆ ಆಗಲಿಲ್ಲ?”

ತುಂಬಾ ಹೊತ್ತು ಅವರು ಏನೂ ಹೇಳಲಿಲ್ಲ. ಆಮೇಲೆ ಹೇಳಿದರು. ರೂಮಿನ ಹೊರಗೆ ಹೌಸ್‌ಕೀಪಿಂಗಿನವರು ಗುಡಿಸುತ್ತಿದ್ದರು, ಆ ಸದ್ದು ಕೇಳುತ್ತಿತ್ತು. ಆಕೆ ಕುರ್ಚಿ ಪಕ್ಕಕ್ಕೆ ಎಳೆದುಕೊಂಡರು, ಲ್ಯಾಪ್‌ಟಾಪ್ ತೋರಿಸುವ ಹಾಗೆ. ಕೈ ಇಟ್ಟರು. “ಆನ್‌ಸೈಟ್ (ವಿದೇಶದಲ್ಲಿ ಕೆಲಸ ಮಾಡುವ ಅವಕಾಶ) ನಿನಗೇ ಕೊಡಿಸ್ತೀನಿ, ಯಾಕಿಷ್ಟು ಟೆನ್ಷನ್” ಅಂದರು. ಇವರು ಏಳಲಿಲ್ಲ. ತಳ್ಳಲಿಲ್ಲ. ಸ್ಕ್ರೀನಿನಲ್ಲಿದ್ದ ಎಕ್ಸೆಲ್ ಶೀಟ್ ನೋಡುತ್ತಾ ಕೂತುಬಿಟ್ಟರು. ಆಮೇಲೆ ಹೇಗೋ ಎದ್ದು, “ಬೇಡ ಮೇಡಂ” ಎಂದು ಬಂದರು. ಕೊನೆಗೆ ತಲೆ ಬಗ್ಗಿಸಿಕೊಂಡು ಇನ್ನೊಂದು ಮಾತು ಹೇಳಿದರು: ಆ ಹೊತ್ತಿನಲ್ಲಿ ತನ್ನ ದೇಹ ತನ್ನ ಮಾತು ಕೇಳಲಿಲ್ಲ, ಅದು ಉದ್ರೇಕಗೊಂಡಿತ್ತು. “ಹಾಗಿದ್ಮೇಲೆ ನನಗೂ ಇಷ್ಟ ಇತ್ತು ಅಂತ ತಾನೇ ಅರ್ಥ?”

ಒಂದೂವರೆ ಪುಟ ಎಲ್ಲಿಂದ ಬಂತೆಂದು ಆಗ ಅರ್ಥವಾಯಿತು. ತನ್ನ ಮೇಲಿನ ಅಸಹ್ಯವನ್ನೆಲ್ಲ ಅವರು ಆಕೆಯ ಬಟ್ಟೆಯ ಮೇಲೆ ಸುರಿದಿದ್ದರು.

ಇದನ್ನು ಓದುತ್ತಿರುವ ಗಂಡಸರು ದಯವಿಟ್ಟು ಗಮನವಿಟ್ಟು ಓದಿ. ಸ್ಪರ್ಶಕ್ಕೆ ದೇಹ ತಾನಾಗಿಯೇ ಪ್ರತಿಕ್ರಿಯಿಸುತ್ತದೆ, ಭಯದಲ್ಲೂ ಪ್ರತಿಕ್ರಿಯಿಸಬಹುದು. ಒಪ್ಪಿಗೆ ಕೊಡುವುದು ಮನಸ್ಸು. ಹಾಗೆಯೇ ಅಪಾಯ ಕಂಡಾಗ ಎಲ್ಲರೂ ಹೊಡೆದಾಡುವುದಿಲ್ಲ, ಓಡುವುದಿಲ್ಲ. ಕೆಲವರು ಇದ್ದಲ್ಲೇ ಮರಗಟ್ಟಿಹೋಗುತ್ತಾರೆ, ಇದು ಗಂಡಸರಲ್ಲೂ ಆಗುತ್ತದೆ. ಅದು ಹೇಡಿತನವಲ್ಲ, ಆ ಕ್ಷಣದಲ್ಲಿ ಮಿದುಳು ನಮ್ಮನ್ನು ಕೇಳದೆ ಮಾಡುವ ಕೆಲಸ. ರಘು ಅವರಿಗೆ ಇದನ್ನು ಹಲವು ಸಲ ಹೇಳಬೇಕಾಯಿತು. ನಂಬಲು ಸಮಯ ಹಿಡಿಯಿತು.

ಕಾನೂನಿನ ವಿಷಯ. 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ದೂರು ಕೊಡುವ ಹಕ್ಕಿರುವುದು ನೊಂದ ಮಹಿಳೆಗೆ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮು ಹೇಳುವುದೂ ಗಂಡಸು ಎಸಗುವ ಕಿರುಕುಳದ ಬಗ್ಗೆಯೇ. ಇದನ್ನು ಕೇಳಿ ರಘು, “ಕಾನೂನೇ ಏಕಪಕ್ಷೀಯ” ಅಂದರು. ಅದನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ರಾಜಸ್ಥಾನದಲ್ಲಿ ಸರ್ಕಾರಿ ಯೋಜನೆಯ ಕಾರ್ಯಕರ್ತೆಯಾಗಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿಯ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರವಾಯಿತು. ಆ ಘಟನೆಯ ಹಿನ್ನೆಲೆಯಲ್ಲಿ ಹೂಡಿದ ಅರ್ಜಿಯ ಮೇಲೆ 1997ರಲ್ಲಿ ಸುಪ್ರೀಂ ಕೋರ್ಟ್ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯಲು ವಿಶಾಖಾ ಮಾರ್ಗಸೂಚಿ ಕೊಟ್ಟಿತು. ಕಾಯ್ದೆಯಾಗಲು ಮತ್ತೆ 16 ವರ್ಷ ಹಿಡಿಯಿತು. ಇಷ್ಟು ಕಷ್ಟಪಟ್ಟು ಹೆಂಗಸರು ಪಡೆದದ್ದನ್ನು, ಗಂಡಸರಿಗೂ ಹೀಗಾಗುತ್ತದೆ ಎಂಬ ಕಾರಣಕ್ಕೆ ಸಡಿಲಿಸಬೇಕಿಲ್ಲ. ಕಂಪನಿಗಳು ತಮ್ಮ ನಡವಳಿಕೆ ನಿಯಮದಲ್ಲಿ ‘ಯಾವುದೇ ಉದ್ಯೋಗಿ’ ಎಂದು ಬರೆಯಲು ಯಾವ ಕಾಯ್ದೆಯೂ ಅಡ್ಡಬರುವುದಿಲ್ಲ. ಬೆಂಗಳೂರಿನ ಬಹಳ ಕಂಪನಿಗಳಲ್ಲಿ ಹಾಗೆ ಬರೆದೂ ಇರುತ್ತದೆ, ಯಾರೂ ಓದಿರುವುದಿಲ್ಲ. ರಘು ಅವರಿಗೂ ಸೇರಿದ ದಿನ ಕೊಟ್ಟಿದ್ದ ಕೈಪಿಡಿಯಲ್ಲಿ ಆ ಪದಗಳೇ ಸಿಕ್ಕವು. ದೂರನ್ನು ಆ ನಿಯಮದ ಅಡಿಯಲ್ಲೇ ಕೊಡಿ ಎಂದೆ.

ಮಹಿಳೆಯರ ಪ್ರಕರಣಗಳನ್ನೇ ನೋಡುವ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಪ್ರಕಟಿಸಬೇಡಿ ಎಂದರು. ಹೆಂಗಸರ ದೂರೆಲ್ಲ ಸುಳ್ಳು ಎನ್ನುವವರ ಕೈಗೆ ದೊಣ್ಣೆ ಕೊಟ್ಟಂತಾಗುತ್ತದೆ ಎಂಬುದು ಅವರ ಆತಂಕ. ಅದು ನಿಜವಾದ ಆತಂಕವೇ. ಆದರೆ ರಘು ಅವರಿಗೆ ಬಂದ ಪ್ರಶ್ನೆಗಳನ್ನು ನೋಡಿ: ಆಗಲೇ ಯಾಕೆ ಹೇಳಲಿಲ್ಲ, ಅಷ್ಟು ಹೊತ್ತು ಯಾಕೆ ಅಲ್ಲಿದ್ದೆ, ನೀನೇ ಸಲಿಗೆ ಕೊಟ್ಟಿರಬೇಕು. ಹುಡುಗಿಯರು ಕೇಳಿಸಿಕೊಂಡು ಬಂದಿರುವುದೂ ಇವನ್ನೇ. ಒಬ್ಬ ಗಂಡಸು ಅವಕ್ಕೆ ಉತ್ತರಿಸಲಾಗದೆ ಬೆವರಿದ್ದನ್ನು ಓದಿದವರು ಮುಂದೆ ಆ ಪ್ರಶ್ನೆ ಹುಡುಗಿಯರಿಗೆ ಹಾಕುವ ಮುನ್ನ ತಡೆದಾರು ಎಂದು ನಂಬಿ ಬರೆಯುತ್ತಿದ್ದೇನೆ. ಇದು ಸುಳ್ಳು ದೂರಿನ ಕಥೆಯೂ ಅಲ್ಲ. 2013ರ ಕಾಯ್ದೆಯಂತೂ ಸ್ಪಷ್ಟವಾಗಿ ಹೇಳುತ್ತದೆ: ರುಜುವಾತು ಮಾಡಲಾಗಲಿಲ್ಲ ಎಂದ ಮಾತ್ರಕ್ಕೆ ದೂರು ಕೊಟ್ಟವರ ಮೇಲೆ ಕ್ರಮ ಕೈಗೊಳ್ಳಬೇಕಿಲ್ಲ.

ಪತ್ರ ಕೊಡುವ ಮುಂಚೆ ಹೆಂಡತಿಗೆ ಹೇಳಲೇಬೇಕು ಎಂದು ಒತ್ತಾಯಿಸಿದೆ. ಆಫೀಸಿನ ಗುಸುಗುಸು ಮನೆಗೆ ಬೇರೆಯವರ ಬಾಯಿಂದ ಮುಟ್ಟಬಾರದು. ಇಬ್ಬರೂ ಬಂದರು. “ಗಂಡಸಾಗಿ ಒಂದ್ಸಲ ತಳ್ಳಿ ಎದ್ದು ಬರೋಕೆ ಆಗ್ಲಿಲ್ವಾ ರೀ ನಿಮಗೆ?” ಎಂದು ಆಕೆ ಕೇಳಿಯೇ ಕೇಳಿದರು. ನಾನು ಬಾಯಿ ಹಾಕಲಿಲ್ಲ. ರಘು, “ಆಗ್ಲಿಲ್ಲ ಕಣೆ” ಎಂದಷ್ಟೇ ಹೇಳಿದರು. ಆಕೆಗೆ ಅದನ್ನು ಒಪ್ಪಿಕೊಳ್ಳುವುದು ಸುಲಭವಾಗಲಿಲ್ಲ. ಅವರಿಗೆ ಬೇರೆಯಾಗಿ ಸಮಯ ಕೊಟ್ಟೆ, ಈಗಲೂ ಬರುತ್ತಾರೆ.

ಕೊನೆಗೆ ಕೊಟ್ಟ ಪತ್ರದಲ್ಲಿ ಆಕೆಯ ಸಂಸಾರದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಆ ಸಂಜೆಯದು ಮುಕ್ಕಾಲು ಪುಟವಿತ್ತು. ವಿಚಾರಣೆ ನಡೆಯಿತು, ಪಿಐಪಿ ರದ್ದಾಯಿತು, ರೇಟಿಂಗನ್ನು ಬೇರೆಯವರು ಮತ್ತೆ ಪರಿಶೀಲಿಸಿದರು. ಆಕೆಗೆ ಲಿಖಿತ ಎಚ್ಚರಿಕೆ ಕೊಟ್ಟು ಬೇರೆ ವಿಭಾಗಕ್ಕೆ ಹಾಕಿದರು. “ಇಷ್ಟೇನಾ ಮೇಡಂ?” ಎಂದು ರಘು ಕೇಳಿದರು. ಅವರ ಸಿಟ್ಟು ನ್ಯಾಯವಾದದ್ದು ಎಂದೇ ಹೇಳಿದೆ. ತೀರ್ಮಾನ ಸಾಲದು ಎನಿಸಿದರೆ ಮೇಲಿನವರಿಗೆ ಬರೆಯಲು ದಾರಿಯಿದೆ, ವಕೀಲರೊಬ್ಬರನ್ನು ಕಂಡು ಮಾತಾಡಿ ಎಂದೂ ಹೇಳಿದೆ. ಕೆಲಸ ಬಿಟ್ಟುಬಿಡಲೇ ಎಂದಾಗ ಮಾತ್ರ ತಡೆದೆ. ಈ ವರ್ಷದ ಅಪ್ರೈಸಲ್ ಹೊಸ ಮ್ಯಾನೇಜರ್ ಕೈಯಲ್ಲಿ ಆಗಲಿ, ಸರಿಯಾದ ರೇಟಿಂಗ್ ಕಾಗದದ ಮೇಲೆ ಬರಲಿ, ನಿದ್ದೆ ಸರಿಹೋಗಲಿ, ಆಮೇಲೆ ಬೇಕಾದರೆ ಬೇರೆ ಕಡೆ ನೋಡಿ ಎಂದಿದ್ದೇನೆ. ಸದ್ಯಕ್ಕೆ ಒಪ್ಪಿದ್ದಾರೆ.